ಗಡಿಯಾರದ ಕರೆ ಅಳಿಸಿದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ನುಣ್ಣಗೆ ಹೊಳೆಯುವ, ಸ್ವಲ್ಪ ತಗ್ಗಾದ ಚರ್ಮವಿತ್ತು. ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲೆ ಬೇರೆಯವರ ಹೆಬ್ಬೆರಳು ಬಿದ್ದರೆ ಟಕ್ ಎನ್ನುತ್ತಿತ್ತು. ಅವರದು ಬಿದ್ದರೆ ಮೆತ್ತಗೆ ಧಪ್ ಎನ್ನುತ್ತಿತ್ತು. ಹುಡುಗರಾಗಿದ್ದಾಗ ದೊಡ್ಡಬಳ್ಳಾಪುರದ ಮನೆಯಲ್ಲೇ ಇದ್ದ ಅಪ್ಪನ ಪವರ್‌ಲೂಮಿಗೆ ಕೈ ಸಿಕ್ಕಿಸಿಕೊಂಡು ಕಳೆದುಕೊಂಡ ಉಗುರು ಅದು.

"ಮಗ್ಗ ನಿಲ್ಲಿಸದೇನೇ ನೂಲು ಗಂಟು ಹಾಕೋಕೆ ಹೋದೆ ಕಣಮ್ಮಾ. ಮಗ್ಗಕ್ಕೇನು ಗೊತ್ತು, ನಾನು ಮಾಲೀಕನ ಮಗ ಅಂತ?" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು.

ಗೇಟಿನ ವಾಚ್‌ಮನ್‌ನಿಂದ ಹಿಡಿದು ಕಂಪನಿಯ ಮಾಲೀಕರವರೆಗೆ ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದೆವು. ನನಗಿಂತ ಮೂವತ್ತು ವರ್ಷ ದೊಡ್ಡವರು. ನಾನು ತೂಬಗೆರೆಯಿಂದ ದಿನವೂ ಬಸ್ಸಿನಲ್ಲಿ ಬಂದು, ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿದ್ದ ನಮ್ಮ ಶೆಡ್ಡಿಗೆ ನಡೆದು ಹೋಗುತ್ತಿದ್ದೆ. ಮೊದಲ ಕೆಲಸ. ಅವರ ಪಕ್ಕದ ಮೇಜು ನನಗೆ ಸಿಕ್ಕಿತು.

ನಮ್ಮ ಕಂಪನಿ ಕೋಲ್ಡ್ ಸ್ಟೋರೇಜುಗಳಿಗೆ ಒಂದು ಪೆಟ್ಟಿಗೆ ಮಾಡಿ ಮಾರುತ್ತಿತ್ತು. ಹುಣಸೆಹಣ್ಣು, ಮೆಣಸಿನಕಾಯಿ, ದ್ರಾಕ್ಷಿ ತುಂಬಿಡುವ ಆ ದೊಡ್ಡ ಕೋಣೆಗಳನ್ನು ತಣ್ಣಗಿಡುವುದು ಪೈಪಿನಲ್ಲಿ ಹರಿಯುವ ಅಮೋನಿಯಾ. ಪೈಪು ಜೋರಾಗಿ ಸೋರಿದರೆ ಮುಚ್ಚಿದ ಕೋಣೆಯೊಳಗಿದ್ದವರಿಗೆ ಕಣ್ಣು ಬಿಡಲಾಗುವುದಿಲ್ಲ, ಉಸಿರು ಎಳೆಯಲಾಗುವುದಿಲ್ಲ, ಬಾಗಿಲು ಎಲ್ಲಿದೆಯೆಂದು ತಿಳಿಯುವುದಿಲ್ಲ. ಅದಕ್ಕೂ ಮೊದಲೇ, ಸೋರಿಕೆ ಸಣ್ಣದಾಗಿರುವಾಗಲೇ, ಸೈರನ್ ಹೊಡೆಯುವುದು ನಮ್ಮ ಪೆಟ್ಟಿಗೆಯ ಕೆಲಸ. ಎಲ್ಲ ಸರಿಯಿದ್ದರೆ ಅದರ ಮೇಲೆ ಒಂದು ಹಸಿರು ದೀಪ ಉರಿಯುತ್ತಿರುತ್ತದೆ. ಆ ಕೋಣೆಗಳಲ್ಲಿ ಚೂರುಪಾರು ಅಮೋನಿಯಾ ವಾಸನೆ ದಿನವೂ ಇದ್ದದ್ದೇ. ಹಾಗಾಗಿ ಮೂಟೆ ಹೊರುವವರು ಮೂಗನ್ನು ನಂಬುತ್ತಿರಲಿಲ್ಲ, ಪೆಟ್ಟಿಗೆಯನ್ನು ನಂಬುತ್ತಿದ್ದರು.

ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆದವರು ಭಾಯ್. ಪೆಟ್ಟಿಗೆಯಲ್ಲಿ ಎರಡು ಮುಖ್ಯ ಎಲೆಕ್ಟ್ರಾನಿಕ್ ಚಿಪ್ಪುಗಳಿದ್ದವು: ಅನಿಲವನ್ನು ಮೂಸುವುದು ಒಂದು, ಗಡಿಯಾರ ಇನ್ನೊಂದು. ಏನಾದರೂ ಆದಾಗ ಚಿಪ್ಪು ಪ್ರೊಸೆಸರನ್ನು ಒಂದು ತಂತಿಯ ಮೂಲಕ ಕರೆಯುತ್ತದೆ. ಈ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಕರೆಗೆ ಓಗೊಟ್ಟು, ಆಯಿತು ಕೇಳಿಸಿತು ಎಂದು ಚಿಪ್ಪನ್ನು ಸುಮ್ಮನಾಗಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ನಮ್ಮ ಪೆಟ್ಟಿಗೆಯಲ್ಲಿ ಜಾಗ ಉಳಿಸಲು ಎರಡು ಚಿಪ್ಪಿಗೂ ಸೇರಿ ಒಂದೇ ತಂತಿ ಎಳೆದಿದ್ದರು. ಇದು ನನಗೆ ಮೊದಲ ವಾರ ಅರ್ಥವಾಗಲಿಲ್ಲ. ಭಾಯ್ ಕುರ್ಚಿ ತಿರುಗಿಸಿಕೊಂಡು ಕೂತರು.

"ಎರಡು ಮನೆಗೆ ಒಂದೇ ಬೆಲ್ಲು ಅಂದ್ಕೋ. ಬೆಲ್ಲು ಹೊಡೀತು. ಏನ್ ಮಾಡ್ತಾರೆ?"

"ಇಬ್ಬರೂ ಬಾಗಿಲು ತೆಗೆದು ನೋಡ್ತಾರೆ, ಭಾಯ್."

"ನೋಡಿದ್ರು. ಇಬ್ಬರೂ ನಮಗಲ್ಲ ಅಂತ ಒಳಗೆ ಹೋದ್ರು. ಬೆಲ್ಲು ಮಾತ್ರ ನಿಲ್ತಾನೇ ಇಲ್ಲ. ಕಿವಿ ತೂತಾಗ್ತಿದೆ. ಆಗ?"

"ತಂತಿ ಕಿತ್ತು ಹಾಕ್ತಾರೆ."

"ಹಾಂ! ಆಪರೇಟಿಂಗ್ ಸಿಸ್ಟಮ್ಮೂ ಅದನ್ನೇ ಮಾಡೋದು. ಒಂದಷ್ಟು ಹೊತ್ತು ನೋಡುತ್ತೆ. ಯಾರೂ ಓಗೊಡಲಿಲ್ಲ ಅಂದ್ರೆ ಆ ತಂತೀನೇ ಮುಚ್ಚಿಬಿಡುತ್ತೆ. ಆಮೇಲೆ ಪಕ್ಕದ ಮನೆಗೆ ನಿಜವಾಗ್ಲೂ ಯಾರಾದ್ರೂ ಬಂದು ಒತ್ತಿದ್ರೆ?"

"ಕೇಳಿಸಲ್ಲ."

"ಅಷ್ಟೇ ಪಾಠ. ಇನ್ನು ಮಿಕ್ಕಿದ್ದೆಲ್ಲ ಟೈಪಿಂಗು."

ಅವರಿಗೆ ಎರಡು ಅಭ್ಯಾಸಗಳಿದ್ದವು. ಒಂದು, ಊಟದ ಚೀಲದಲ್ಲಿ ಡಬ್ಬಿಯ ಪಕ್ಕದಲ್ಲೇ ಅಮೋನಿಯಾ ನೀರಿನ ಪುಟ್ಟ ಬಾಟಲಿ, ಒಂದು ಹಳೆಯ ಬಟ್ಟೆ. ಪೆಟ್ಟಿಗೆ ಎಲ್ಲೇ ಇರಲಿ, ಸ್ವತಃ ಹೋಗಿ ಬಟ್ಟೆ ಒದ್ದೆ ಮಾಡಿ ಅದರ ಮೂತಿಯ ಮುಂದೆ ಹಿಡಿದು, ಸೈರನ್ ಹೊಡೆದ ಮೇಲೆಯೇ ಹೊರಡುತ್ತಿದ್ದರು. ಪೆಟ್ಟಿಗೆಗೆ ಒಂದು ಟೆಸ್ಟ್ ಗುಂಡಿಯೂ ಇತ್ತು. ಅದನ್ನು ಅವರು ಮುಟ್ಟುತ್ತಿರಲಿಲ್ಲ. "ಗುಂಡಿ ಒತ್ತಿದ್ರೆ ಸೈರನ್ನಿಗೆ ಗಂಟಲು ಇದೆ ಅಂತ ಗೊತ್ತಾಗುತ್ತೆ. ಪೆಟ್ಟಿಗೆಗೆ ಮೂಗಿದೆ ಅಂತ ಗೊತ್ತಾಗೋದು ಬಟ್ಟೆ ತೋರಿಸಿದಾಗ." ಮನೆಯಲ್ಲಿ ಅವರ ಹೆಂಡತಿ ಈ ಬಾಟಲಿಯ ಮೇಲೆ ಸದಾ ಮುನಿಸಿಕೊಂಡಿರುತ್ತಿದ್ದರು. ಬಿರಿಯಾನಿ ಮಾಡಿ ಕೊಟ್ಟರೂ ಆಸ್ಪತ್ರೆ ವಾಸನೆ ಬರುತ್ತದೆಂದು ಅವರ ದೂರು.

ಎರಡನೆಯದು ಬೋಂಡಾ. ಯಾರಾದರೂ ಪ್ರೋಗ್ರಾಮಿನಲ್ಲಿ ಬರೆದ ಸಾಲುಗಳಿಗಿಂತ ಅಳಿಸಿದ ಸಾಲುಗಳು ಜಾಸ್ತಿಯಾದರೆ, ಅಂದು ಸಂಜೆ ಗೇಟಿನ ಹೊರಗಿನ ಗಾಡಿಯಿಂದ ಎಲ್ಲರಿಗೂ ಬೋಂಡಾ. ಖರ್ಚು ಭಾಯ್ ಅವರದು. "ಬರೆಯೋದಕ್ಕೆ ಸಂಬಳ ಕೊಡ್ತಾರೆ. ಅಳಿಸೋದಕ್ಕೆ ಯಾರು ಕೊಡ್ತಾರೆ? ಅದಕ್ಕೇ ನಾನು ಕೊಡ್ತೀನಿ" ಎನ್ನುತ್ತಿದ್ದರು. ಪ್ರೋಗ್ರಾಮಿನಲ್ಲಿ ಕೆಲಸಕ್ಕೆ ಬಾರದ ಹಳೆಯ ಸಾಲು ಉಳಿದಿದ್ದರೆ ಅವರಿಗೆ ಮನೆಯೊಳಗೆ ಕಸ ಬಿದ್ದಂತೆ ಸಂಕಟ. ನನಗೆ ಲೆಕ್ಕ ಬರೆದಿಡುವ ಚಟವಿದೆ ಎಂದು ಗೊತ್ತಾದ ಮೇಲೆ ಗೋಡೆಯ ಬಿಳಿ ಹಲಗೆಯ ಮೇಲೆ ಅಳಿಸಿದ ಸಾಲುಗಳ ಎಣಿಕೆ ಬರೆಯುವ ಕೆಲಸ ನನ್ನದಾಯಿತು. ನಮ್ಮಲ್ಲಿ ಹೊಸದೇನಾದರೂ ಮಾಡಿದ ದಿನ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಳಿಸಿದ ದಿನ ಹಬ್ಬ.

ಅಂಥ ಒಂದು ಹಬ್ಬ ಮಾರ್ಚಿನಲ್ಲಿ, ಒಂದು ಗುರುವಾರ ಬಂತು. ಹಳೆಯ ಪೆಟ್ಟಿಗೆಗಳಲ್ಲಿ ಗಡಿಯಾರದ ಚಿಪ್ಪು ಪ್ರೊಸೆಸರನ್ನು ಕರೆದು ಸಮಯ ಹೇಳುವ ಏರ್ಪಾಡಿತ್ತು. ಹೊಸ ಪ್ರೋಗ್ರಾಮಿಗೆ ಅದು ಬೇಕಿರಲಿಲ್ಲ. ಬೇಕೆನಿಸಿದಾಗ ತಾನೇ ಹೋಗಿ ಸಮಯ ನೋಡಿಕೊಳ್ಳುತ್ತಿತ್ತು. ಭಾಯ್ ಗಡಿಯಾರದ ಡ್ರೈವರಿನಲ್ಲಿ ಕರೆಗೆ ಸಂಬಂಧಿಸಿದ ಸಾಲುಗಳನ್ನೆಲ್ಲ ಕಿತ್ತು ಹಾಕಿದರು. ಓಗೊಡುವ ಭಾಗ ಹೋಯಿತು, ಅದನ್ನು ನೋಂದಾಯಿಸುವ ಭಾಗ ಹೋಯಿತು, ಹೊರಡುವಾಗ ಗುಡಿಸುವ ಭಾಗವೂ ಹೋಯಿತು. ಡ್ರೈವರು ಅರ್ಧಕ್ಕಿಂತ ಕಡಿಮೆಯಾಯಿತು. ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಬೋಂಡಾ ಬಂತು. ಮಾಲೀಕರು ತಮ್ಮ ಕೋಣೆಯಿಂದ ಹೊರಬಂದು ಒಂದು ಎತ್ತಿಕೊಂಡರು.

"ಏನ್ ಭಾಯ್, ಇವತ್ತು ಯಾರ ತಿಥಿ?"

"ಗಡಿಯಾರದ್ದು, ಸಾರ್."

ಎಲ್ಲರೂ ನಕ್ಕೆವು. ಮೇಜಿನ ಮೇಲಿದ್ದ ಪೆಟ್ಟಿಗೆಗೆ ಭಾಯ್ ಹೊಸ ಪ್ರೋಗ್ರಾಂ ತುಂಬಿದರು, ಬಟ್ಟೆ ಹಿಡಿದರು, ಸೈರನ್ ಹೊಡೆಯಿತು. ಇನ್ನು ಹೊರಗಿದ್ದ ಹನ್ನೊಂದು ಪೆಟ್ಟಿಗೆಗಳಿಗೆ ಅದನ್ನು ಹಾಕಬೇಕಿತ್ತು. ನೆಲಮಂಗಲ, ದೇವನಹಳ್ಳಿ, ಹೊಸಕೋಟೆಯ ಸುತ್ತ ಹರಡಿದ್ದವು. ಭಾಯ್ ಎಂದಿನಂತೆ ವ್ಯಾನ್ ಕೇಳಿದರು.

"ಹನ್ನೊಂದು ಕಡೆ ತಿರುಗೋದಾ? ಅದರೊಳಗೆ ಸಿಮ್ ಯಾಕೆ ಹಾಕ್ಸಿರೋದು ಹೇಳಿ" ಎಂದರು ಮಾಲೀಕರು. "ಇಲ್ಲಿಂದಲೇ ಕಳಿಸಿ. ಅಲ್ಲಿರೋರು ಟೆಸ್ಟ್ ಗುಂಡಿ ಒತ್ತಿ ಫೋನ್ ಮಾಡ್ತಾರೆ. ನಿಮ್ಮ ಮಂಡಿಗೂ ರೆಸ್ಟು."

"ಬಟ್ಟೆ ತೋರಿಸ್ಬೇಕು, ಸಾರ್."

"ಇಲ್ಲಿ ತೋರಿಸಿದ್ರಲ್ಲ? ಅದೇ ಪ್ರೋಗ್ರಾಂ ತಾನೇ ಅಲ್ಲಿಗೂ ಹೋಗೋದು?"

ಭಾಯ್‌ಗೆ ಸಕ್ಕರೆ ಕಾಯಿಲೆ ಇತ್ತು, ಆ ತಿಂಗಳು ಕಾಲು ಊದಿಕೊಂಡಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ "ಆಯ್ತು" ಎಂದರು. ಹನ್ನೊಂದು ಕಡೆಗೂ ಪ್ರೋಗ್ರಾಂ ಹೋಯಿತು. ಹನ್ನೊಂದು ಕಡೆಯಿಂದಲೂ ಗುಂಡಿ ಒತ್ತಿದೆವು, ಸೈರನ್ ಹೊಡೆಯಿತು ಎಂದು ಫೋನ್ ಬಂತು.

ಮೇ ತಿಂಗಳಲ್ಲಿ ಹೊಸಕೋಟೆ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಿಂದ ಬೆಳಿಗ್ಗೆ ಭಾಯ್‌ಗೆ ಫೋನ್ ಬಂತು. ಅವರು ಪೂರ್ತಿ ಕೇಳಿಸಿಕೊಂಡರು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ವಾಲ್ವ್ ಸೋರಿದೆ. ಒಳಗೆ ಮೂಟೆ ಜೋಡಿಸ್ತಿದ್ದ ಒಬ್ಬ ಹೋಗ್ಬಿಟ್ಟ. ಸೈರನ್ ಹೊಡೀಲಿಲ್ವಂತೆ."

ಇಬ್ಬರೂ ವ್ಯಾನಿನಲ್ಲಿ ಹೊರಟೆವು. ದಾರಿಯಲ್ಲಿ ಅವರು ವ್ಯಾನ್ ಓಡಿಸುವವನಿಗೆ, "ಎ.ಸಿ. ಆರಿಸಪ್ಪಾ, ಕಿಟಕಿ ತೆಗಿ" ಎಂದರು. ನಾವು ಮುಟ್ಟುವಷ್ಟರಲ್ಲಿ ಹೆಣವನ್ನು ಆಸ್ಪತ್ರೆಗೆ ಸಾಗಿಸಿದ್ದರು. ಕೋಣೆಯ ಬಾಗಿಲುಗಳನ್ನು ತೆರೆದಿಟ್ಟಿದ್ದರು. ಇನ್ನೂ ಕಣ್ಣು ಉರಿಯುತ್ತಿತ್ತು. ಹುಣಸೆಹಣ್ಣಿನ ಮೂಟೆಗಳ ಸಾಲಿನ ಕೊನೆಯಲ್ಲಿ ಒಂದು ಜೊತೆ ಚಪ್ಪಲಿ ಬಿದ್ದಿತ್ತು, ಒಂದು ಇಲ್ಲಿ, ಇನ್ನೊಂದು ತುಂಬ ದೂರದಲ್ಲಿ. ಗೋಡೆಯ ಮೇಲೆ ನಮ್ಮ ಪೆಟ್ಟಿಗೆ. ಹಸಿರು ದೀಪ ಉರಿಯುತ್ತಿತ್ತು.

ಅಲ್ಲಿನ ಸೂಪರ್‌ವೈಸರ್ ನಮ್ಮನ್ನು ಕಂಡು ಓಡಿ ಬಂದ. "ವಾಸ್ನೆ ಜಾಸ್ತಿ ಐತಲ್ಲ ಅಂತ ಇನ್ನೊಬ್ಬ ಅಂದ್ನಂತೆ ಭಾಯ್. ಇವ್ನು, ಸೈರನ್ ಹೊಡ್ದಿಲ್ಲ, ಏನೂ ಆಗಲ್ಲ ಬಾರ್ಲಾ ಅಂದ್ನಂತೆ. ಅವ್ನು ಆಚೆ ಬಂದ, ಇವ್ನು ಇನ್ನೊಂದು ಸಾಲು ಮುಗಿಸ್ತೀನಿ ಅಂತ ಉಳ್ಕಂಡ. ನಾನು ಆಮ್ಯಾಕೆ ಗುಂಡಿ ಒತ್ತಿ ನೋಡ್ದೆ. ಚೆನ್ನಾಗೇ ಹೊಡೀತು. ಮತ್ಯಾಕೆ ಭಾಯ್ ಹಿಂಗಾಯ್ತು?"

ಭಾಯ್ ಬಾಟಲಿ ತೆಗೆದರು. ಬಟ್ಟೆ ಒದ್ದೆ ಮಾಡಿ ಪೆಟ್ಟಿಗೆಯ ಮೂತಿಗೆ ಹಿಡಿದರು. ಏನೂ ಆಗಲಿಲ್ಲ. ಇನ್ನಷ್ಟು ಸುರಿದು ಹಿಡಿದರು. ನೀರು ಮೊಣಕೈವರೆಗೆ ಇಳಿಯಿತು. ದೀಪ ಹಸಿರಾಗಿಯೇ ಇತ್ತು. ಕೈ ನೋಯುವಷ್ಟು ಹೊತ್ತು ಹಿಡಿದೇ ನಿಂತಿದ್ದರು. ಕೊನೆಗೆ ನಾನೇ ಅವರ ತೋಳು ಹಿಡಿದು ಕೆಳಗಿಳಿಸಬೇಕಾಯಿತು.

ಪೆಟ್ಟಿಗೆಯನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳುವ ಮೊದಲು ಅದರೊಳಗಿನ ದಾಖಲೆಯನ್ನೂ ಚಿಪ್ಪುಗಳ ಸ್ಥಿತಿಯನ್ನೂ ಅವರ ಎದುರಿಗೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರ್ಚಿನ ಆ ಗುರುವಾರ, ಹೊಸ ಪ್ರೋಗ್ರಾಂ ಶುರುವಾದ ಮೊದಲ ನಿಮಿಷದಲ್ಲೇ, ಈ ತಂತಿಯ ಕರೆಗೆ ಯಾರೂ ಓಗೊಡುತ್ತಿಲ್ಲ, ಮುಚ್ಚುತ್ತಿದ್ದೇನೆ ಎಂದು ಆಪರೇಟಿಂಗ್ ಸಿಸ್ಟಮ್ ಒಂದು ಸಾಲು ಬರೆದಿಟ್ಟಿತ್ತು. ಅನಿಲ ಮೂಸುವ ಚಿಪ್ಪಿಗೂ ಅದೇ ತಂತಿ. ಅಂದಿನಿಂದ ಆ ಪೆಟ್ಟಿಗೆ ಕಿವುಡಾಗಿತ್ತು.

ಕರೆಯುತ್ತಿದ್ದದ್ದು ಗಡಿಯಾರ. ಪೆಟ್ಟಿಗೆಗಳು ನಮ್ಮ ಶೆಡ್ಡಿನಿಂದ ಹೊರಡುವ ಮೊದಲು ಗಡಿಯಾರ ಹಿಂದೆ ಬೀಳುತ್ತದೆಯೇ ಎಂದು ಪರೀಕ್ಷಿಸುವ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಅದು ಗಡಿಯಾರಕ್ಕೆ ಸೆಕೆಂಡಿಗೊಮ್ಮೆ ಕರೆ ಎಂದು ಅಪ್ಪಣೆ ಕೊಟ್ಟು, ಎಣಿಸಿ, ಮುಗಿದ ಮೇಲೆ ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಎದ್ದು ಹೋಗುತ್ತಿತ್ತು. ಗಡಿಯಾರದ ಚಿಪ್ಪಿಗೆ ಅದರದೇ ನಾಣ್ಯದಷ್ಟು ಬ್ಯಾಟರಿ. ಕರೆಂಟು ಹೋದರೂ ಹೇಳಿದ್ದನ್ನು ಮರೆಯುವುದಿಲ್ಲ. ವರ್ಷಗಟ್ಟಲೆ ಅದು ಸೆಕೆಂಡಿಗೊಮ್ಮೆ ಕರೆಯುತ್ತಲೇ ಇತ್ತು. ಹಳೆಯ ಡ್ರೈವರು ಪ್ರತಿ ಕರೆಗೂ ಓಗೊಟ್ಟು ಸುಮ್ಮನಾಗಿಸುತ್ತಿತ್ತು, ಯಾರ ಗಮನಕ್ಕೂ ಬಾರದೆ. ಭಾಯ್ ಅಳಿಸಿದ್ದು ಆ ಓಗೊಡುವ ಸಾಲುಗಳನ್ನು. ಸುಮ್ಮನಾಗಿಸುವವರಿಲ್ಲದೆ ಕರೆ ನಿಲ್ಲಲೇ ಇಲ್ಲ. ನಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆಗೆ ಬ್ಯಾಟರಿಯನ್ನೇ ಹಾಕಿರಲಿಲ್ಲ. ಪ್ರತಿಸಲ ಆರಿಸಿದಾಗಲೂ ಅದರ ಗಡಿಯಾರ ಎಲ್ಲವನ್ನೂ ಮರೆಯುತ್ತಿತ್ತು, ಆದ್ದರಿಂದ ಪರೀಕ್ಷೆಯಲ್ಲಿ ಗೆಲ್ಲುತ್ತಿತ್ತು.

"ಆ ಟೆಸ್ಟ್ ಪ್ರೋಗ್ರಾಂ ಬರೆದೋರು ಯಾರು ಭಾಯ್?" ಎಂದು ಕೇಳಿದೆ.

"ಇನ್ಯಾರು?" ಎಂದರು. "ಗಡಿಯಾರಾನ ಕರೆಯೋಕೆ ಹಚ್ಚಿದ್ದೂ ನಾನೇ. ಗುಡಿಸ್ತೀನಿ ಅಂತ ಹೋಗಿ ಕಾವಲುಗಾರನ್ನೇ ಗುಡಿಸಿಬಿಟ್ಟವನೂ ನಾನೇ."

ಸರಿಪಡಿಸಲು ಬೇಕಾದದ್ದು ಎರಡೇ ಸಾಲು. ಪೆಟ್ಟಿಗೆ ಶುರುವಾಗುತ್ತಲೇ, ಹಿಂದೆ ಯಾರು ಏನು ಹೇಳಿದ್ದರೂ ಸರಿ, ಕರೆಯುವುದನ್ನು ನಿಲ್ಲಿಸು ಎಂದು ಗಡಿಯಾರಕ್ಕೆ ಹೇಳುವುದು. ಬಾಕಿ ಉಳಿದ ಕರೆಯನ್ನು ಒರೆಸುವುದು. ಆಮೇಲೆ ಮಿಕ್ಕ ಕೆಲಸ. ಅವರು ಅದನ್ನು ಟೈಪ್ ಮಾಡುವಾಗ ಆ ಧಪ್ ಶಬ್ದ ಬಿಟ್ಟು ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ.

ಮಾಲೀಕರು ಬಾಗಿಲು ಹಾಕಿಕೊಂಡು ನಮ್ಮಿಬ್ಬರನ್ನು ಕೂರಿಸಿದರು. ಕೆಟ್ಟ ಮನುಷ್ಯರಲ್ಲ ಅವರು.

"ಸರಿ ಮಾಡಿದ್ದೀರಲ್ಲ, ಸುಮ್ನೆ ಸಿಮ್ಮಿಂದ ಕಳಿಸಿಬಿಡಿ. ಇವತ್ತೇ ಹೋಗ್ಲಿ. ಯಾರಿಗೂ ಏನೂ ಹೇಳೋದು ಬೇಡ."

"ಹೋದ ಸಲ ಹಂಗೇ ಕಳಿಸಿದ್ದು ಸಾರ್."

"ಭಾಯ್, ಆ ಮನುಷ್ಯ ಮಾಸ್ಕ್ ಹಾಕಿರಲಿಲ್ಲ. ವಾಲ್ವ್ ಸೋರಿದ್ದು ನಮ್ಮ ತಪ್ಪಾ? ಬಾಯಿ ಬಿಟ್ರೆ ನಾಳೆ ಈ ಶೆಡ್ಡಿಗೆ ಬೀಗ. ಇಪ್ಪತ್ತು ಮನೆ ಊಟ ಮಾಡ್ತಿವೆ ಇಲ್ಲಿ. ನಿಮ್ಮದೂ ಸೇರಿ."

"ಇನ್ನೂ ಹತ್ತು ಪೆಟ್ಟಿಗೆ ಹಸಿರು ದೀಪ ಹಚ್ಕೊಂಡು ಕೂತಿವೆ ಸಾರ್. ಒಳಗೆ ಜನ ಇದ್ದಾರೆ. ಈಗ, ಈ ಹೊತ್ತಲ್ಲಿ."

"ಅದಕ್ಕೇ ಕಳಿಸಿ ಅಂತಿರೋದು!"

"ಕಳಿಸ್ತೀನಿ. ನಾನು ಹೋಗಿ ಬಟ್ಟೆ ತೋರಿಸೋವರೆಗೂ ಒಳಗೆ ಯಾರೂ ಹೋಗಬಾರ್ದು. ಅದನ್ನ ಹೇಳ್ದೆ ಹೆಂಗೆ ನಿಲ್ಲಿಸ್ಲಿ?"

ಭಾಯ್ ಅಲ್ಲೇ, ಮಾಲೀಕರ ಎದುರಿಗೇ, ತಮ್ಮ ಫೋನ್ ತೆಗೆದರು. ಮೊದಲ ನಂಬರು ಒತ್ತಿದರು. "ನಮಸ್ಕಾರ ಅಣ್ಣಾ, ಪೆಟ್ಟಿಗೆ ಕಂಪನಿ ಭಾಯ್. ನಮ್ಮ ಸೈರನ್ ಕೆಟ್ಟಿದೆ. ಇಲ್ಲ, ಗುಂಡಿ ಒತ್ತಿದ್ರೆ ಹೊಡಿಯುತ್ತೆ, ಗ್ಯಾಸ್ ಬಂದ್ರೆ ಹೊಡಿಯಲ್ಲ. ನಾನು ಬರೋವರೆಗೆ ಜನಾನ ಆಚೆ ಇಡಿ. ಹೌದು, ತಪ್ಪು ನಮ್ಮದೇ. ನನ್ನದೇ." ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡು, "ಬರ್ತೀನಿ ಅಣ್ಣಾ" ಎಂದು ಮುಂದಿನ ನಂಬರು ಒತ್ತಿದರು. ಎರಡನೆಯ ಕರೆ ಮುಗಿಯುವಷ್ಟರಲ್ಲಿ ಮಾಲೀಕರು ಎದ್ದು ಹೊರಗೆ ಹೋಗಿದ್ದರು.

ಒಂಬತ್ತು ಕಡೆ ಹೀಗೆ ಮಾತಾಯಿತು. ಹತ್ತನೆಯದು ನೆಲಮಂಗಲದ ಕಡೆಯದು. ಫೋನ್ ಎತ್ತಿದವನು, "ಅದ್ನ ಮುಚ್ಚಿ ಎರಡು ತಿಂಗಳಾಯ್ತಲ್ಲ ಸ್ವಾಮಿ? ಮೆಷಿನ್ನು, ಪೈಪು, ಎಲ್ಲಾ ಮಾರ್ಬಿಟ್ವಿ" ಎಂದ. ಪೆಟ್ಟಿಗೆ? "ಅದೂ ಲಾಟಲ್ಲೇ ಹೋಯ್ತು." ಯಾರಿಗೆ? ಒಬ್ಬ ಗುಜರಿ ವ್ಯಾಪಾರಿಯ ಹೆಸರು ಹೇಳಿದ. ಆ ವ್ಯಾಪಾರಿಯನ್ನು ಹಿಡಿದರೆ, ಕೂಲಿಂಗ್ ಸಾಮಾನನ್ನೆಲ್ಲ ಒಟ್ಟಿಗೆ ಯಾರೋ ಒಯ್ದರು, ನಗದು ಕೊಟ್ಟರು, ತೆಲುಗು ಮಾತಾಡುತ್ತಿದ್ದರು ಎಂದ. ಸಿಮ್ಮಿಗೆ ಕರೆ ಹೋಗುತ್ತಿರಲಿಲ್ಲ. ಯಾರೋ ಅದನ್ನು ಕಿತ್ತಿದ್ದರು.

ಆ ವಾರ ಒಂಬತ್ತೂ ಕಡೆ ನಾವಿಬ್ಬರೂ ಹೋದೆವು. ಮಾಲೀಕರು ವ್ಯಾನ್ ಕೊಡಲಿಲ್ಲ, ಬಸ್ಸಿನಲ್ಲಿ ಹೋದೆವು. ಭಾಯ್ ಕಾಲು ಎಳೆಯುತ್ತ ನಡೆಯುತ್ತಿದ್ದರು. ಒಂದು ಕಡೆ ನಮ್ಮನ್ನು ಬಿಸಿಲಿನಲ್ಲಿ ಗೇಟಿನ ಹೊರಗೇ ನಿಲ್ಲಿಸಿದರು. ಇನ್ನೊಂದು ಕಡೆ ಅಲ್ಲಿನ ಮಾಲೀಕನ ಮಗ, "ಬಾಂಬ್ ಇಟ್ಟೋರೇ ಬಂದು ಬಾಂಬ್ ತೆಗೀತಾರಂತೆ" ಎಂದು ಕುಹಕವಾಡಿದ. ಭಾಯ್‌ಗೆ ಅದು ಯಾವ ಅರ್ಥದಲ್ಲಿ ತಾಗಿತೋ ಗೊತ್ತಿಲ್ಲ. ಬಟ್ಟೆ ಒದ್ದೆ ಮಾಡಿ ಹಿಡಿದರು. ಸೈರನ್ ಹೊಡೆದಾಗ ಪ್ರತಿಸಲವೂ ಕಣ್ಣು ಮುಚ್ಚುತ್ತಿದ್ದರು.

ಕೊನೆಯ ಪೆಟ್ಟಿಗೆ ಮುಗಿಸಿದ ದಿನ, ವಾಪಸು ಬರುವಾಗ, ಸತ್ತವನ ಊರು ದಾರಿಯಲ್ಲೇ ಇದೆ ಎಂದರು. ದಾರಿಯಲ್ಲಿರಲಿಲ್ಲ, ಎರಡು ಬಸ್ಸು ಬದಲಿಸಬೇಕಾಯಿತು. ಶೀಟಿನ ಮನೆ. ಹೆಂಡತಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನ ವಯಸ್ಸಿನವಳು. ಭಾಯ್ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಪೀಠಿಕೆ ಏನೂ ಇಲ್ಲ.

"ಸೈರನ್ ಹೊಡೀಬೇಕಿತ್ತಮ್ಮಾ. ಹೊಡೀಲಿಲ್ಲ. ಅದನ್ನ ಮಾಡಿದ್ದು ನಾನು."

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಪೆಟ್ಟಿಗೆ ಕಂಪ್ನಿಯೋರು ಬಂದಿದ್ರು. ಮಾಸ್ಕ್ ಹಾಕಿರ್ನಿಲ್ಲ, ಅದ್ಕೇ ಹಿಂಗಾಯ್ತು ಅಂದ್ರು."

"ಸೈರನ್ ಹೊಡೆದಿದ್ರೆ ಮಾಸ್ಕ್ ಇಲ್ದಿದ್ರೂ ಆಚೆ ಬರ್ತಿದ್ದ."

ಅವಳು ತಲೆಯೆತ್ತಿ ಅವರನ್ನು ನೋಡಿದಳು.

"ಬ್ಯಾರೆ ಕಡೆ ಇರವು? ಅವಾದ್ರೂ ಹೊಡಿತಾವಾ?"

"ಹೊಡೀತಾವೆ. ಎಲ್ಲಾ ನೋಡ್ಕೊಂಡು ಬಂದೆ. ಒಂದು ಮಾತ್ರ ಎಲ್ಲಿದೆ ಅಂತ ಗೊತ್ತಿಲ್ಲ."

"ಹಂಗಾದ್ರೆ ಇಲ್ಯಾಕೆ ಕುಂತಿದ್ದೀರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಭಾಯ್ ಎದ್ದರು. ನಮಸ್ಕಾರ ಮಾಡಲು ಕೈ ಎತ್ತಿದರು, ಅರ್ಧಕ್ಕೇ ಇಳಿಸಿದರು.

ಆಮೇಲಿನದು ಬೇಗ ಬೇಗ ಆಯಿತು. ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಭಾಯ್ ನಡೆದದ್ದನ್ನೆಲ್ಲ ಬರೆದುಕೊಟ್ಟು ಸಹಿ ಹಾಕಿದರು. ಪ್ರೋಗ್ರಾಂ ಬದಲಾಯಿಸಿದ್ದು ತಮಗೆ ತಿಳಿಯದೆ ಎಂದು ಮಾಲೀಕರು ಬರೆದುಕೊಟ್ಟರು. ಸಿಮ್ಮಿನಿಂದ ಕಳಿಸಿ ಎಂದದ್ದು ಮಾಲೀಕರೇ ಎಂದು ನಾನೂ ಹೇಳಿಕೆ ಕೊಟ್ಟೆ. ಅದಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ತಪ್ಪು ನನ್ನದು ಎಂದು ಒಪ್ಪಿಕೊಂಡ ಕಾಗದ ಒಂದೇ ಒಂದು ಇತ್ತು, ಅದು ಭಾಯ್ ಅವರದು. ನಿರ್ಲಕ್ಷ್ಯದಿಂದ ಸಾವು ಎಂಬ ಪ್ರಕರಣದಲ್ಲಿ ಅವರೊಬ್ಬರೇ ಆರೋಪಿಯಾದರು. ಕೆಲಸ ಹೋಯಿತು. ದೀಪಾವಳಿಯ ಹೊತ್ತಿಗೆ ಶೆಡ್ಡಿಗೂ ಬೀಗ ಬಿತ್ತು. ನನಗೆ ದೇವನಹಳ್ಳಿ ಕಡೆ, ಕೋಲ್ಡ್ ಸ್ಟೋರೇಜುಗಳ ಯಂತ್ರ ರಿಪೇರಿ ಮಾಡುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

ಭಾಯ್ ಕೋರ್ಟಿಗೆ ಹೋಗದ ದಿನಗಳಲ್ಲಿ ಆ ಪೆಟ್ಟಿಗೆ ಹುಡುಕುತ್ತಿದ್ದರು. ಬಸ್ಸು ಹತ್ತಿ ಹಿಂದೂಪುರ, ಗೌರಿಬಿದನೂರು, ಚಿಂತಾಮಣಿ. ಗುಜರಿ ಅಂಗಡಿಗಳು, ಹಳೆ ಮೆಷಿನ್ ಮಾರುವವರು, ಊರಾಚೆಯ ಗೋಡೌನುಗಳು. ಕೆಲವು ಭಾನುವಾರ ನಾನೂ ಹೋಗುತ್ತಿದ್ದೆ. ಫೋನಿನಲ್ಲಿ ಪೆಟ್ಟಿಗೆಯ ಚಿತ್ರ ತೋರಿಸುವರು. "ಇಂಥದ್ದು ನೋಡಿದ್ದೀರಾ? ದುಡ್ಡು ಬೇಡ, ವಾಪಸ್ಸೂ ಬೇಡ. ಒಂದ್ಸಲ ಮುಟ್ಟಿ ಹೋಗ್ತೀನಿ ಅಷ್ಟೇ." ಕೆಲವರಿಗೆ ಅನುಮಾನ. ಒಬ್ಬ, "ಅದರೊಳಗೆ ಚಿನ್ನ ಇಟ್ಟಿದ್ರಾ ಸಾಬ್ರೇ?" ಎಂದು ನಕ್ಕ. ಭಾಯ್ ಕೂಡ ಅವನ ಜೊತೆ ಸ್ವಲ್ಪ ನಕ್ಕರು.

ಹುಡುಕಾಟದ ಒಂದು ದಿನ ಅವರ ಚಪ್ಪಲಿಯೊಳಗೆ ಮೊಳೆ ಚುಚ್ಚಿಕೊಂಡಿತ್ತು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಅರಿವೇ ಇರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ರಕ್ತ ಕಂಡು ಹೆಂಡತಿ ಕೂಗಿಕೊಂಡ ಮೇಲೆ ಗೊತ್ತಾದದ್ದು. ಗಾಯ ವಾಸಿಯಾಗಲಿಲ್ಲ. ಎರಡು ಬೆರಳು ತೆಗೆದರು. ಆಮೇಲೆ ಅದೂ ಸಾಲದಾಯಿತು.

ನಾನು ಕೊನೆಯ ಸಲ ಅವರ ಮನೆಗೆ ಹೋದಾಗ ಗೋಡೆಗೊರಗಿ ಕೂತಿದ್ದರು. ಕಾಲಿಗೆ ಬಿಳಿ ಬಟ್ಟೆ. ನಡುಮನೆಯಲ್ಲಿ ಈಗ ಮಗ್ಗವಿರಲಿಲ್ಲ. ಅದರ ಜಾಗದಲ್ಲಿ ನೆಲ ಇನ್ನೂ ಗುಳಿಬಿದ್ದಿತ್ತು. ಅವರ ಹೆಂಡತಿ ನನ್ನನ್ನು ಕಂಡು, "ಇವಳಾದ್ರೂ ಹೇಳ್ಲಿ ನಿಮಗೆ, ಸಾಕು ಅಂತ" ಎಂದು ಟೀ ತರಲು ಹೋದರು.

ನಾನು ಹೇಳಿದೆ. "ಭಾಯ್, ಅದನ್ನ ಯಾರೋ ಒಡೆದು ತಾಮ್ರ ತಗೊಂಡಿರ್ತಾರೆ ಬಿಡಿ."

"ಇರಬಹುದು."

"ಮತ್ತೆ?"

"ಕೆಟ್ಟಿದೆ ಅಂತ ಕಾಣಿಸಿದ್ರೆ ಒಡೀತಾರೆ ಬೇಟಾ. ಕರೆಂಟ್ ಕೊಟ್ರೆ ಹಸಿರು ದೀಪ ಬರುತ್ತೆ. ಗುಂಡಿ ಒತ್ತಿದ್ರೆ ಸೈರನ್ ಹೊಡಿಯುತ್ತೆ. ಅಂಥದ್ದನ್ನ ಯಾರು ಒಡೀತಾರೆ? ಚೆನ್ನಾಗಿದೆ ಅಂತ ಗೋಡೆಗೆ ಹಾಕ್ತಾರೆ."

ಅವರೇ ಮಾತು ಬದಲಿಸಿ, ಹೊಸ ಕೆಲಸ ಹೇಗಿದೆ, ಬಸ್ಸು ಸರಿಯಾಗಿ ಸಿಗುತ್ತದೆಯೇ ಎಂದು ಕೇಳಿದರು. ನಾನು ಯಾವ ಯಾವ ಊರಿನ ಕೋಲ್ಡ್ ಸ್ಟೋರೇಜುಗಳಿಗೆ ಹೋಗುತ್ತೇನೆ ಎಂದು ಒಂದೊಂದಾಗಿ ಹೇಳಿಸಿಕೊಂಡರು. ಹೆಸರು ಬಂದಾಗಲೆಲ್ಲ "ಅಲ್ಲಿ ನೋಡಾಗಿದೆ" ಅಥವಾ "ಅಲ್ಲಿ ನೋಡಿಲ್ಲ" ಎನ್ನುತ್ತಿದ್ದರು. ನೋಡು ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ.

ಜನವರಿಯ ಒಂದು ಮಂಗಳವಾರ ಆಸ್ಪತ್ರೆಯಲ್ಲಿ ತೀರಿಕೊಂಡರು. ನಂಜು ರಕ್ತಕ್ಕೆ ಏರಿತ್ತು. ಹಳ್ಳಿಯಿಂದ ಬಸ್ಸು ಸಿಕ್ಕಿ ನಾನು ಮುಟ್ಟುವಷ್ಟರಲ್ಲಿ ಖಬರಸ್ತಾನಿನಿಂದ ಗಂಡಸರು ಹಿಂದಿರುಗುತ್ತಿದ್ದರು. ನಮ್ಮ ಹಳೆಯ ಮಾಲೀಕರು ರಸ್ತೆಯಾಚೆ, ಕಾರಿನೊಳಗೇ ಕೂತಿದ್ದರು. ಇಳಿಯಲೂ ಇಲ್ಲ, ಹೊರಡಲೂ ಇಲ್ಲ. ಮಾರ್ಚಿನಲ್ಲಿ ಕೋರ್ಟು, ಆರೋಪಿ ಮೃತಪಟ್ಟಿದ್ದರಿಂದ ಪ್ರಕರಣ ಮುಕ್ತಾಯ ಎಂದಿತು. ತಪ್ಪು ಯಾರದು, ಎಷ್ಟು, ಎಂಬ ಮಾತು ಅದರಲ್ಲಿ ಇರಲಿಲ್ಲ.

ಈಗ ನಾನು ಕಂಪ್ರೆಸರ್ ರಿಪೇರಿಯವರ ಜೊತೆ ಊರೂರು ತಿರುಗುತ್ತೇನೆ. ಪ್ರತಿ ಕೋಲ್ಡ್ ಸ್ಟೋರೇಜಿನ ಹೆಸರು, ಹೋದ ದಿನ, ಗೋಡೆ ನೋಡಿದೆನೋ ಇಲ್ಲವೋ ಎಂಬುದನ್ನು ದಿನಚರಿಯಲ್ಲಿ ಬರೆಯುತ್ತೇನೆ. ಹೋದ ವಾರ ಆವತಿ ಕಡೆಯ ಒಂದು ಹಳೆಯ ದ್ರಾಕ್ಷಿ ಗೋಡೌನಿಗೆ ಹೋಗಿದ್ದೆವು. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ನನ್ನ ಪಕ್ಕ ಬಂದು ನಿಂತಳು.

"ಏನವ್ವಾ, ಮೆಷಿನ್ ನೋಡಕ್ಕೆ ಬಂದು ಗೋಡೆ ನೋಡ್ತಾ ನಿಂತ್ಕಂಡಿದ್ದೀಯಲ್ಲ?"

"ಸೈರನ್ ಪೆಟ್ಟಿಗೆ ಎಲ್ಲಿದೆ ಅಂತ ನೋಡ್ತಿದ್ದೆ."

"ನಮ್ಗೆಲ್ಲಿ ಬರ್ಬೇಕು ಅಂಥವು?" ಎಂದು ನಕ್ಕಳು. "ವಾಸ್ನೆ ಮೂಗಿಗೆ ಹೊಡೀತೋ, ಬುಟ್ಟಿ ಬಿಸಾಕಿ ಓಡೋದೇಯ."

ಒಳ್ಳೆಯದೇ ಆಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೇ ಹೆದರಿಕೆಯಾಯಿತು. ಆದರೂ ಅದು ನಿಜ. ಇಲ್ಲಿಯವರು ಓಡುತ್ತಾರೆ. ಆ ಪೆಟ್ಟಿಗೆ ಇರುವ ಕಡೆ, ಅದು ಯಾವ ಊರೋ, ವಾಸನೆ ಜಾಸ್ತಿಯಾದಾಗ ಯಾರೋ ಒಬ್ಬರು ತಲೆಯೆತ್ತಿ ದೀಪ ನೋಡುತ್ತಾರೆ. ಹಸಿರಾಗಿರುತ್ತದೆ. ಇನ್ನೊಂದು ಸಾಲು ಮೂಟೆ ಜೋಡಿಸಲು ಒಳಗೆ ಹೋಗುತ್ತಾರೆ.